ಗಸಗಸೆಯೂ ವಿಷಶೋಧಕ ಯಂತ್ರವೂ

ಹಬ್ಬದ ದಿನ ಗಸಗಸೆ ಪಾಯಸವನ್ನು ಉಂಡು ಮಧ್ಯಾಹ್ನ ಗಾಢವಾಗಿ ನಿದ್ರಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ನಿದ್ರೆಗೆ ಕಾರಣ ಗಸಗಸೆಯೋ ಹೋಳಿಗೆಯ ತುಪ್ಪವೋ, ನಾನು ನಿರ್ಣಯಿಸಲಾರೆ. ಅಫೀಮು ಯಾವ ಗಿಡದಿಂದ ದೊರೆಯುವುದೋ ಆ ಗಿಡದ ಬೀಜವೇ ಗಸಗಸೆ ಎಂಬುದು ಮಾತ್ರ ನಿಶ್ಚಿತ. ಅದರ ಎಳೆಗಾಯಿಯನ್ನು ಗೀರಿದಾಗ ಒಸರುವ ಸೊನೆ ಒಣಗಿದರೆ ಅಫೀಮು. ಮಾರ್ಫೀನ್ ಎಂಬ ಮಾದಕ ವಸ್ತು ಇರುವುದು ಈ ಸೊನೆಯಲ್ಲಿ. ಬೀಜದ ಹೊರಮೈಗೂ ಅದರ ಲೇಶ ಅಂಟಿಕೊಂಡಿರುತ್ತದೆ. ಉಂಡವನಿಗೆ ಅದರ ಅರಿವಾಗದಿದ್ದರೂ ಪ್ರಯೋಗಾಲಯದ ಯಂತ್ರಕ್ಕೆ ಅದು ಗೋಚರಿಸುತ್ತದೆ.

ದೇಹದಲ್ಲಿ ಅಡಗಿದ ವಿಷವನ್ನು ಕಣ್ಣಿಗೆ ಕಾಣಿಸುವುದು ಹಿಂದೆ ಬಹಳ ಕಷ್ಟದ ಕಾರ್ಯವಾಗಿತ್ತು. ಇಂಗ್ಲೆಂಡಿನಲ್ಲಿ ವೃದ್ಧನೊಬ್ಬನಿಗೆ ಕಾಫಿಯಲ್ಲಿ ಪಾಷಾಣವಿಕ್ಕಿದರೆಂಬ ಮೊಕದ್ದಮೆಯಲ್ಲಿ ರಸಾಯನಶಾಸ್ತ್ರಜ್ಞ ಜೇಮ್ಸ್ ಮಾರ್ಷ್ ವಿಷವನ್ನು ಪತ್ತೆಹಚ್ಚಿದನು. ಆದರೆ ಪಂಚರ ಮುಂದಿಡುವಷ್ಟರಲ್ಲಿ ಆ ಹಳದಿ ಗಷ್ಟು ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆ ಹೊಂದಿದನು. ಮಾರ್ಷ್ ಸುಮ್ಮನೆ ಕೂರಲಿಲ್ಲ. ಪಾಷಾಣವನ್ನು ಗಾಜಿನ ಮೇಲೆ ಹೊಳೆಯುವ ಕಪ್ಪು ಕಲೆಯಾಗಿ ತೋರಿಸುವ ಪರೀಕ್ಷೆಯನ್ನು 1836ರಲ್ಲಿ ಪ್ರಕಟಿಸಿದನು.

ಇಂದಿನ ಸ್ವಯಂಚಾಲಿತ ಯಂತ್ರ ಗಂಟೆಗೆ ನೂರಾರು ಪರೀಕ್ಷೆಗಳನ್ನು ನಡೆಸಬಲ್ಲದು. ಸೂಜಿಯಂಥ ನಳಿಕೆಯಿಂದ ಮೂತ್ರವನ್ನು ತಾನೇ ಹೀರಿ ಪುಟ್ಟ ಬಟ್ಟಲುಗಳಿಗೆ ಬಿಟ್ಟು, ಎರಡು ದ್ರವಗಳನ್ನು ಬೆರೆಸುತ್ತದೆ. ಒಂದರಲ್ಲಿ ಮಾರ್ಫೀನನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳಿರುತ್ತವೆ. ಇನ್ನೊಂದರಲ್ಲಿ ಕಿಣ್ವವನ್ನು ಜೋಡಿಸಿದ ಮಾರ್ಫೀನ್ ಇರುತ್ತದೆ. ಮೂತ್ರ ಶುದ್ಧವಾಗಿದ್ದರೆ ಪ್ರತಿಕಾಯಗಳು ಕಿಣ್ವದ ಜೋಡಿಯನ್ನೇ ಹಿಡಿದುಬಿಡುತ್ತವೆ. ಕಿಣ್ವದ ಕೆಲಸ ಕುಂಠಿತವಾಗುತ್ತದೆ. ಮೂತ್ರದಲ್ಲಿ ಮಾರ್ಫೀನ್ ಇದ್ದರೆ, ಬಸ್ಸಿನಲ್ಲಿ ಮೊದಲು ಹತ್ತಿದವರು ಆಸನ ಹಿಡಿದಂತೆ, ಅದೇ ಪ್ರತಿಕಾಯಗಳನ್ನು ಆಕ್ರಮಿಸಿಕೊಂಡಿರುತ್ತದೆ. ಆಗ ಕಿಣ್ವ ಸ್ವತಂತ್ರವಾಗಿ ಉಳಿದು ಕೆಲಸಮಾಡುತ್ತದೆ. ದ್ರವದ ಮೂಲಕ ಹಾಯುವ ಬೆಳಕಿನ ಪ್ರಮಾಣ ಬದಲಾಗುತ್ತದೆ. ಯಂತ್ರ ಅಳೆಯುವುದು ಈ ಬದಲಾವಣೆಯನ್ನು ಮಾತ್ರ.

ಪ್ರತಿಕಾಯಗಳೂ ಒಮ್ಮೊಮ್ಮೆ ಮೋಸಹೋಗುತ್ತವೆ. ನೆಗಡಿಯ ಕೆಲವು ಮಾತ್ರೆಗಳನ್ನು ಅವು ಮಾದಕ ವಸ್ತುವೆಂದೇ ತಿಳಿಯುವುದುಂಟು. ಆದುದರಿಂದ ಸಂಶಯ ಬಂದ ಮಾದರಿಯನ್ನು ಎರಡನೆಯ ಯಂತ್ರಕ್ಕೆ ಒಪ್ಪಿಸುತ್ತಾರೆ. ಅದು ಘಟಕಗಳನ್ನು ಬೇರ್ಪಡಿಸಿ, ಅಣುಗಳನ್ನು ಒಡೆದು, ಚೂರುಗಳ ತೂಕದಿಂದ ವಸ್ತು ಯಾವುದೆಂದು ಹೇಳುತ್ತದೆ.

ಗಸಗಸೆ ತಿಂದವನಿಗೆ ಇಲ್ಲಿಯೂ ಬಿಡುಗಡೆಯಿಲ್ಲ! ಅವನ ಮೂತ್ರದಲ್ಲಿರುವುದು ನಿಜವಾದ ಮಾರ್ಫೀನೇ. ಅದು ಪಾಯಸದಿಂದ ಬಂದಿತೋ ಅಫೀಮಿನಿಂದ ಬಂದಿತೋ, ಯಂತ್ರವು ಹೇಳಲಾರದು. ಸರ್ಕಾರಿ ನೌಕರರು ಮಾದಕ ವಸ್ತುಗಳನ್ನು ಬಳಸಬಾರದೆಂದು ಅಮೆರಿಕದ ಅಧ್ಯಕ್ಷರು 1986ರಲ್ಲಿ ಆಜ್ಞೆ ಹೊರಡಿಸಿದ ಮೇಲೆ ಅಲ್ಲಿ ಇಂಥ ಪರೀಕ್ಷೆಗಳು ಬಹಳವಾಗಿ ಹಬ್ಬಿದವು. ಮಿಲಿಲೀಟರಿಗೆ 300 ನ್ಯಾನೋಗ್ರಾಂ ಮಾರ್ಫೀನ್ ಇದ್ದರೂ ಸಂಶಯಪಡುತ್ತಿದ್ದರು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಗಸಗಸೆಯ ತಿಂಡಿ ತಿಂದವರು ಈ ಜರಡಿಗೆ ಸಿಕ್ಕಿಬೀಳುತ್ತಿದ್ದುದರಿಂದ 1998ರಲ್ಲಿ ಮಿತಿಯನ್ನು 2000ಕ್ಕೆ ಏರಿಸಲಾಯಿತು. ಹೆರಾಯಿನ್ ಸೇವಿಸಿದವನ ದೇಹದಲ್ಲಿ ಮಾತ್ರ ಹುಟ್ಟುವ, ಗಸಗಸೆಯಿಂದ ಎಂದೂ ಹುಟ್ಟದ ಇನ್ನೊಂದು ವಸ್ತುವನ್ನೂ ಹುಡುಕತೊಡಗಿದರು. ಆದರೂ ಗೊಂದಲ ಪೂರ್ಣವಾಗಿ ನೀಗಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಗಸಗಸೆಯನ್ನು ತಿನ್ನದಿರುವಂತೆ ತನ್ನ ಯೋಧರಿಗೆ ಸೂಚನೆ ನೀಡಿತು.