ಕರಾವಳಿಯ ಕಿರು ಜಲಾಂತರ್ಗಾಮಿಗಳು

ಕೂಡ್ಲಿಗಿ, ಹೊಸಹಳ್ಳಿ, ಕೊಟ್ಟೂರುಗಳ ಸೀಮೆ ಸಮುದ್ರಕ್ಕೆ ದೂರವಾದ ಒಣನಾಡು. ಆದರೂ ಅಲ್ಲಿಯ ಜನಕ್ಕೆ ದೋಣಿಯ ಧರ್ಮ ಅಪರಿಚಿತವಲ್ಲ. ನೆರೆಯ ಹೂವಿನ ಹಡಗಲಿಯ ಹೆಸರಿನಲ್ಲಿಯೇ ಹಡಗು ಅಡಗಿದೆಯೆಂದು ಹೇಳುವುದುಂಟು. ತುಂಗಭದ್ರೆಯ ಹರಿಗೋಲನ್ನು ಕಾಣದವರು ವಿರಳ. ಹರಿಗೋಲಿನ ಹಿರಿಮೆಯೆಲ್ಲ ಅದರ ಕಿರಿತನದಲ್ಲಿದೆ. ಬಂಡೆಗಳ ನಡುವಣ ತೆಳುನೀರಿನಲ್ಲಿ ಅದು ನುಸುಳಬಲ್ಲುದು. ದಡ ಸೇರಿದೊಡನೆ ಅಂಬಿಗನು ಅದನ್ನು ತಲೆಯ ಮೇಲೆ ಹೊತ್ತು ನಡೆಯಬಲ್ಲನು. ಆದರೆ ಹೊಳೆ ಉಕ್ಕಿದ ದಿನ ಅದೇ ಕಿರಿತನವು ಒಳಗೆ ಕುಳಿತವರ ಪ್ರಾಣಕ್ಕೆ ಎರವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರಾವಳಿಯ ಕಾಳಗಕ್ಕಾಗಿ ಕಟ್ಟಿದ ಕಿರು ಜಲಾಂತರ್ಗಾಮಿ ನೌಕೆಗಳ ವೃತ್ತಾಂತವೂ ಹೆಚ್ಚುಕಡಿಮೆ ಇದೇ.

ಮೊದಲು ಈ ನೌಕೆಯು ಮುಳುಗುವ ಬಗೆಯನ್ನು ತಿಳಿಯೋಣ. ಬರಿಯ ಕೊಡವನ್ನು ಬಾವಿಗೆ ಬಿಟ್ಟರೆ ತೇಲುತ್ತದೆ. ನೀರು ತುಂಬಿದರೆ ಮುಳುಗುತ್ತದೆ. ಜಲಾಂತರ್ಗಾಮಿಯ ಪಕ್ಕದಲ್ಲಿಯೂ ಒಡಲಿನಲ್ಲಿಯೂ ಇಂಥ ಕೊಡಗಳಂತಿರುವ ತೊಟ್ಟಿಗಳುಂಟು. ಅವುಗಳೊಳಗೆ ನೀರನ್ನು ಬಿಟ್ಟರೆ ನೌಕೆ ಇಳಿಯುತ್ತದೆ. ಒತ್ತಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಏಳುತ್ತದೆ. ಮೇಲೆ ತೇಲುವಾಗ ಡೀಸೆಲ್ ಎಂಜಿನ್ ಅದನ್ನು ನಡೆಸುತ್ತದೆ. ಎಂಜಿನ್ನಿಗೆ ಗಾಳಿ ಬೇಕಾದುದರಿಂದ ನೀರಿನೊಳಗೆ ಬ್ಯಾಟರಿಯೇ ಗತಿ. ಹಡಗು ದೊಡ್ಡದಾದಷ್ಟೂ ಬ್ಯಾಟರಿ, ಎಣ್ಣೆ, ಟಾರ್ಪೀಡೊ ಎಲ್ಲವೂ ಹೆಚ್ಚು. ಜರ್ಮನರ ಏಳನೆಯ ಮಾದರಿಯ ನೌಕೆ ಸುಮಾರು 769 ಟನ್ ತೂಗುತ್ತಿತ್ತು, 14 ಟಾರ್ಪೀಡೊಗಳನ್ನು ಹೊರುತ್ತಿತ್ತು. ಅವರ ಇಪ್ಪತ್ತಮೂರನೆಯ ಮಾದರಿಯ ಕರಾವಳಿ ನೌಕೆಯಾದರೋ 234 ಟನ್, ಟಾರ್ಪೀಡೊಗಳು ಎರಡೇ. ಅವನ್ನು ಒಳಗಿನಿಂದ ತುಂಬಲು ಸ್ಥಳವಿಲ್ಲದುದರಿಂದ ಬಂದರಿನಲ್ಲಿ ಮೂತಿಯನ್ನು ಮೇಲೆತ್ತಿ ಹೊರಗಿನಿಂದಲೇ ತುರುಕಬೇಕಾಗಿತ್ತು.

ಹಾಗಾದರೆ ಕಿರಿದಾಗಿ ಕಟ್ಟಿದುದೇತಕ್ಕೆ? ದೊಡ್ಡದು ಹೋಗಲಾರದ ಕಡೆಗೆ ಹೋಗುವುದಕ್ಕಾಗಿ. ಇದಕ್ಕೆ ಒಂದು ವಿಚಿತ್ರ ನಿದರ್ಶನವುಂಟು. 1942ರಲ್ಲಿ ಜರ್ಮನರಿಗೆ ಕಪ್ಪು ಸಮುದ್ರದಲ್ಲಿ ಜಲಾಂತರ್ಗಾಮಿಗಳು ಬೇಕಾದುವು. ಅಲ್ಲಿಗಿರುವ ಕಡಲ ಬಾಗಿಲು ಬಾಸ್ಫರಸ್ ಜಲಸಂಧಿ. ತಟಸ್ಥವಾಗಿದ್ದ ತುರ್ಕಿಯು ಅದನ್ನು ತೆರೆಯಲಿಲ್ಲ. ಆಗ ಎರಡನೆಯ ಮಾದರಿಯ ಆರು ಸಣ್ಣ ನೌಕೆಗಳ ಎಂಜಿನ್ ಮೊದಲಾದ ಭಾಗಗಳನ್ನು ಕಳಚಿ, ಎಲ್ಬೆ ನದಿಯಲ್ಲಿ ಡ್ರೆಸ್ಡೆನ್ನಿನವರೆಗೆ ತಂದು, ಅಲ್ಲಿಂದ ಅನೇಕ ಚಕ್ರಗಳ ಬಂಡಿಗಳ ಮೇಲೇರಿಸಿ ಹೆದ್ದಾರಿಯಲ್ಲಿ ಇಂಗೋಲ್‌ಸ್ಟಾಟ್ ಊರಿಗೆ ಎಳೆದೊಯ್ದು, ಡ್ಯಾನ್ಯೂಬ್ ನದಿಗೆ ಇಳಿಸಿದರು. ನಮ್ಮ ಅಂಬಿಗನು ಹರಿಗೋಲನ್ನು ಹೊರುವಂತೆ ಒಂದು ರಾಷ್ಟ್ರವೇ ಯುದ್ಧನೌಕೆಗಳನ್ನು ನೆಲದ ಮೇಲೆ ಹೊತ್ತಿತು! ಆದರೆ 1944ರ ಆಗಸ್ಟಿನಲ್ಲಿ ರುಮೇನಿಯ ಪಕ್ಷ ಬದಲಿಸಿತು. ಬಂದ ದಾರಿ ಮುಚ್ಚಿತು. ಉಳಿದ ಮೂರು ನೌಕೆಗಳನ್ನು ಆ ಸೆಪ್ಟೆಂಬರಿನಲ್ಲಿ ತುರ್ಕಿಯ ಕರಾವಳಿಯಲ್ಲಿ ನಾವಿಕರೇ ಮುಳುಗಿಸಿದರು.

ಇಂಗ್ಲಿಷರು ಇನ್ನೂ ಕಿರಿದನ್ನು ಕಟ್ಟಿದರು. ಎಕ್ಸ್ ಎಂಬ ಅಕ್ಷರದಿಂದ ಹೆಸರಾದ ಆ ನೌಕೆ ಸುಮಾರು 51 ಅಡಿ ಉದ್ದ. ಒಳಗೆ ನಾಲ್ವರು, ನೆಟ್ಟಗೆ ನಿಲ್ಲಲೂ ಎಡೆಯಿಲ್ಲ. ಟಾರ್ಪೀಡೊವಿನ ಬದಲು ಎರಡು ಪಕ್ಕಗಳಲ್ಲಿ ತಲಾ ಎರಡು ಟನ್ನಿನ ಸಿಡಿಮದ್ದಿನ ಪೆಟ್ಟಿಗೆಗಳು. ಶತ್ರುವಿನ ಹಡಗಿನ ಕೆಳಗೆ ಅವನ್ನು ಬಿಟ್ಟು, ಹೊತ್ತು ಗೊತ್ತುಮಾಡಿ, ಹಿಂದಿರುಗಬೇಕು. 1943ರ ಸೆಪ್ಟೆಂಬರಿನಲ್ಲಿ ಇಂಥ ಆರು ನೌಕೆಗಳನ್ನು ದೊಡ್ಡ ಜಲಾಂತರ್ಗಾಮಿಗಳ ಹಿಂದೆ ಹಗ್ಗಕಟ್ಟಿ ನಾರ್ವೆಗೆ ಎಳೆದೊಯ್ದರು. 22ನೆಯ ತಾರೀಖು ಅವುಗಳಲ್ಲಿ ಎರಡು, ತಿರ್‌ಪಿಟ್ಸ್ ಎಂಬ ಮಹಾನೌಕೆಯ ಅಡಿಗೆ ನುಸುಳಿ ಮದ್ದನ್ನಿಟ್ಟುವು. ನಲವತ್ತು ಸಾವಿರ ಟನ್ನಿಗೂ ಮಿಕ್ಕ ಆ ಹಡಗು ಸುಮಾರು ಆರು ತಿಂಗಳು ಕದಲಲಾಗಲಿಲ್ಲ. ಇತ್ತ, ಹೊರಟ ಆರು ಕಿರುನೌಕೆಗಳಲ್ಲಿ ಒಂದೂ ಬ್ರಿಟನ್ನಿಗೆ ಮರಳಲಿಲ್ಲ. ಒಂಬತ್ತು ಮಂದಿ ಮಡಿದರು, ಆರು ಮಂದಿ ಸೆರೆಯಾದರು. ಯುದ್ಧದ ಲೆಕ್ಕಪುಸ್ತಕದಲ್ಲಿ ಇದು ಬಹಳ ಅಗ್ಗದ ವ್ಯಾಪಾರ. ಆ ಒಂಬತ್ತು ಮನೆಗಳ ಲೆಕ್ಕ ಬೇರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೇಲುವ ನೌಕೆಯ ಸ್ವಲ್ಪ ಭಾಗ ನೀರಿನ ಮೇಲೆ ಉಳಿದಿರುತ್ತದೆಯಷ್ಟೆ; ಅದನ್ನು ತೇಲುವ ಬಲದ ಉಳಿತಾಯವೆಂದು ಕರೆಯಬಹುದು. ಗೃಹಸ್ಥನಿಗೆ ಕೈಗಂಟು ಹೇಗೋ ನೌಕೆಗೆ ಇದು ಹಾಗೆ: ಅನಿರೀಕ್ಷಿತವಾಗಿ ನೀರು ಒಳನುಗ್ಗಿದರೆ ಇದರ ಬಲದಿಂದಲೇ ಅದು ಬದುಕಬೇಕು. ಇಪ್ಪತ್ತಮೂರನೆಯ ಮಾದರಿಯಲ್ಲಿ ಈ ಉಳಿತಾಯ ತೀರ ಕಡಮೆ. ಆದುದರಿಂದಲೇ ಅದು ಹತ್ತು ಸೆಕೆಂಡುಗಳೊಳಗೆ ಮುಳುಗಿ ಮರೆಯಾಗಬಲ್ಲುದಾಗಿತ್ತು. ನೀರಿನ ಮೇಲಿಗಿಂತ ಒಳಗೇ ಅದರ ವೇಗ ಹೆಚ್ಚು. ಸೇವೆಗೆ ಸೇರಿದ 61ರಲ್ಲಿ ಆರು ಮಾತ್ರ ಕಾಳಗಕ್ಕೆ ಹೋದುವು. ಆ ಆರರಲ್ಲಿ ಒಂದನ್ನೂ ಶತ್ರುವು ಮುಳುಗಿಸಲಾರದೆ ಹೋದನು. 1945ರ ಮೇ 7ರಂದು, ಜಲಾಂತರ್ಗಾಮಿಗಳಿಗೆ ಯುದ್ಧ ನಿಲ್ಲಿಸುವ ಆಜ್ಞೆ ಹೊರಟ ಮೇಲೆಯೂ, ಇವುಗಳಲ್ಲೊಂದು ಸ್ಕಾಟ್ಲೆಂಡಿನ ಬಳಿ ಎರಡು ಸರಕಿನ ಹಡಗುಗಳನ್ನು ಮುಳುಗಿಸಿತು.

ಶತ್ರುವು ಮಾಡಲಾರದುದನ್ನು ಶಾಂತಿಕಾಲದ ಕಡಲು ಮಾಡಿತು. ಯುದ್ಧಾಂತ್ಯದಲ್ಲಿ ನಾವಿಕರೇ ಮುಳುಗಿಸಿದ್ದ ಇಂಥದೊಂದು ನೌಕೆಯನ್ನು ಪಶ್ಚಿಮ ಜರ್ಮನಿಯು 1956ರಲ್ಲಿ ಮೇಲೆತ್ತಿ, ಸರಿಪಡಿಸಿ, ಹೈ, ಅಂದರೆ ಶಾರ್ಕ್ ಮೀನು, ಎಂದು ಹೆಸರಿಟ್ಟು ತರಬೇತಿಗೆ ಬಳಸಿತು. 1966ರ ಸೆಪ್ಟೆಂಬರ್ 14ರಂದು ಉತ್ತರ ಸಮುದ್ರದ ಬಿರುಗಾಳಿಯಲ್ಲಿ ಅದರೊಳಗೆ ನೀರು ಹೊಕ್ಕಿತು. ಒಳಗಿದ್ದ ಇಪ್ಪತ್ತು ಜನರಲ್ಲಿ ಬದುಕಿದವನು ಒಬ್ಬನೇ. ಕ್ಷಣಮಾತ್ರದಲ್ಲಿ ಮರೆಯಾಗಲೆಂದು ಕೊಟ್ಟ ಗುಣವೇ, ಮರೆಯಾಗಬೇಕಾದ ಅಗತ್ಯವಿಲ್ಲದ ದಿನದಲ್ಲಿ ಅವರನ್ನು ಕೊಂದಿತು.

ಕಿರಿದಾದುದು ಅಗ್ಗ, ಚುರುಕು, ಕಣ್ಣಿಗೆ ಬೀಳದು ಎಂದು ಹೊಗಳುವುದು ಯಂತ್ರಶಿಲ್ಪಿಗೆ ಸಹಜ. ಆ ಹೊಗಳಿಕೆ ಸುಳ್ಳೂ ಅಲ್ಲ. ಆದರೆ ನೌಕೆಯಿಂದ ಉಳಿಸಿದ ಒಂದೊಂದು ಟನ್ನಿನ ಭಾರವನ್ನೂ ಒಳಗಿರುವ ಯಾರೋ ಹೊರಬೇಕಾಗುತ್ತದೆ. ಯಂತ್ರದ ಬೆಲೆ ಕಟ್ಟುವಾಗ ಆ ಭಾರವನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ವಿದ್ಯಾವಂತರಾದವರ ಕರ್ತವ್ಯ.