ಅರ್ಕಾವೊತ್ತಿನ ತೊಡಕು

‘ಸೂರ್ಯ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಕಿವಿಗೆ ರಕಾರ ಮೊದಲು ಬೀಳುತ್ತದೆ, ಯಕಾರ ಅನಂತರ. ಕಣ್ಣಿಗಾದರೋ ಯಕಾರವೇ ಮುಂದು. ರಕಾರವು ಅರ್ಕಾವೊತ್ತಿನ ವೇಷದಲ್ಲಿ ಅದರ ಬೆನ್ನಿಗೆ ನಿಂತಿರುತ್ತದೆ. ಕನ್ನಡ ಬರೆದಂತೆ ಓದುವ ಭಾಷೆಯೆಂದು ನಾವು ಹೊಗಳಿಕೊಳ್ಳುತ್ತೇವೆ. ಹೊಗಳಿಕೆ ಸುಳ್ಳೇನೂ ಅಲ್ಲ. ಆದರೆ ಕಾಗುಣಿತ, ಒತ್ತು, ಅಲ್ಪಪ್ರಾಣ, ಮಹಾಪ್ರಾಣಗಳೆಲ್ಲ ಸೇರಿ ಮಗು ವಶಮಾಡಿಕೊಳ್ಳಬೇಕಾದ ಅಕ್ಷರರೂಪಗಳು ನೂರಾರು. ಬಹುಪಾಲು ಮಕ್ಕಳು ಮೂರು ನಾಲ್ಕು ವರ್ಷ ತಿಣುಕಿ ದಡ ಸೇರುತ್ತಾರೆ. ಕೆಲವರು ಸೇರುವುದೇ ಇಲ್ಲ.

ಅಂಥವರನ್ನು ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಒಮ್ಮೆ ಕೇಳಿದ ಕಥೆಯನ್ನು ತಪ್ಪಿಲ್ಲದೆ ಹೇಳುವ ಹುಡುಗ ಅದರ ಒಂದು ಸಾಲನ್ನು ಪುಸ್ತಕದಿಂದ ಓದಲಾರ. ಇವನನ್ನು ದಡ್ಡನೆನ್ನುವುದು ವಾಡಿಕೆ. ೧೮೯೬ರಷ್ಟು ಹಿಂದೆಯೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವಯಸ್ಸಿನ ಇಂಥದೇ ಒಬ್ಬ ಚುರುಕು ಬಾಲಕನ ವೃತ್ತಾಂತವನ್ನು ಪ್ರಕಟಿಸಿದ್ದರು. ಇದಕ್ಕೆ ಈಗ ಡಿಸ್ಲೆಕ್ಸಿಯಾ ಎಂದು ಹೆಸರು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ೨೧ ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. ಅದನ್ನು ಎಳವೆಯಲ್ಲಿಯೇ ಗುರುತಿಸಬೇಕು, ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಯಬೇಕು ಎಂದು ವಿಧಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬರೆದುಕೊಡುವವರ ಸಹಾಯ, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ, ಇವಕ್ಕೂ ಎಡೆಯಿತ್ತಿತು. ವಿನಾಯಿತಿಗೆ ಬೊಕ್ಕಸದ ಕಾಸು ಬೇಕಾಗುವುದಿಲ್ಲ, ಕಲಿಸುವುದಕ್ಕೆ ಬೇಕು. ಕನ್ನಡ ದ್ವಿತೀಯ ಭಾಷೆಯಾಗಿರುವ ಮಗುವಿಗೆ ಕನ್ನಡ ತೊಡಕಾದರೆ ಕನ್ನಡವನ್ನೇ ಬಿಡಿಸಿಬಿಡುವ ಈ ಔದಾರ್ಯ ಸಾಹಿತ್ಯಪ್ರಿಯರನ್ನಾದರೂ ಕುಟುಕಬೇಡವೇ?

ಹಣದ ಮಾತಿಗೆ ಬರೋಣ. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ ಹೆಚ್ಚೆಂದರೆ ೩,೫೦೦ ರೂಪಾಯಿ ಗೊತ್ತುಮಾಡಿತು. ಕುರುಡು, ಕಿವುಡು, ಹೆಳವು ಎಲ್ಲಕ್ಕೂ ಒಂದೇ ಮೊತ್ತ. ಅದಾದರೂ ದೊರೆಯಬೇಕಾದರೆ ಮಗುವಿನ ನ್ಯೂನತೆ ಗೊತ್ತಾಗಿರಬೇಕು. ಕುಂಟು ಕಾಲು ಎಲ್ಲರಿಗೂ ಕಾಣುತ್ತದೆ. ಇದು ಪರೀಕ್ಷಿಸದ ಹೊರತು ಕಾಣದು. ಪರೀಕ್ಷಿಸಿಕೊಂಡು ಬನ್ನಿರೆಂದು ನಾನು ಬೆಂಗಳೂರಿನ ದಾರಿ ತೋರಿಸಿದ ಒಬ್ಬ ತಾಯಿ, “ಎರಡು ದಿನದ ಕೂಲಿ ಬಿಟ್ಟು ಹೋಗಿ ಚೀಟಿ ತಂದೆ ಅನ್ನಿ ಮೇಷ್ಟ್ರೇ, ಆಮೇಲೆ ಇವನಿಗೆ ಓದಿಸೋರು ಯಾರು?” ಎಂದು ಕೇಳಿದಳು. ಆಕೆಗೆ ಹೇಳಲು ನಮ್ಮ ತಾಲ್ಲೂಕಿನಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ಪರೀಕ್ಷೆಯ ಸಾಧನ ಸಿದ್ಧವಾಗಿಯೇ ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಕನ್ನಡದಲ್ಲಿಯೂ ಉಂಟು. ಅದರ ಪ್ರಾಥಮಿಕ ತಪಾಸಣೆಯನ್ನು ಶಾಲೆಯ ಉಪಾಧ್ಯಾಯರೇ ನಡೆಸಬಹುದು. ಇಂಗ್ಲಿಷಿನ ಅಳತೆಗೋಲಿಗೆ ನಮ್ಮ ಒತ್ತಕ್ಷರದ ಎಡವು ಸಿಕ್ಕುವಂತಿಲ್ಲವಾದ್ದರಿಂದ ಇದು ಸಣ್ಣ ವಿಷಯವಲ್ಲ. ಒತ್ತಕ್ಷರಗಳ ಪರಿಚಯವಾಗಿರುವ ಮೂರನೆಯ ತರಗತಿಯಲ್ಲಿ ಪ್ರತಿಯೊಂದು ಸರ್ಕಾರಿ ಶಾಲೆಯಲ್ಲಿಯೂ ಈ ತಪಾಸಣೆ ಸರ್ಕಾರದ ಖರ್ಚಿನಲ್ಲಿ ನಡೆಯಲಿ. ಸಂಶಯ ಬಂದ ಮಕ್ಕಳನ್ನು ಮನಶ್ಶಾಸ್ತ್ರಜ್ಞರು ತಾಲ್ಲೂಕಿಗೇ ಬಂದು ನೋಡಲಿ. ಅಲ್ಲಿಗೆ ಕೈತೊಳೆದುಕೊಂಡರೆ ದಡ್ಡನೆಂಬ ಹೆಸರು ಹೋಗಿ ಬೇರೊಂದು ಹೆಸರು ಬಂದೀತು, ಅಷ್ಟೆ. ಈ ಮಕ್ಕಳಿಗೆ ಅಕ್ಷರವನ್ನು ಬಿಡಿಸಿ, ನಿಧಾನವಾಗಿ, ದಿನವೂ ಕಲಿಸಬಲ್ಲ ತರಬೇತಾದ ಉಪಾಧ್ಯಾಯರೊಬ್ಬರು ಹೋಬಳಿಗೊಬ್ಬರಾದರೂ ಬೇಕು. ಅವರ ಸಂಬಳಕ್ಕೆ ಆಯವ್ಯಯದಲ್ಲಿ ಪ್ರತ್ಯೇಕವಾಗಿ ಒಂದು ಬಾಬು ಇರಬೇಕು.