ಹಣ ಬಂದಾಗಲೇ ಮಾರಾಟ ಮುಗಿಯುವುದು

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಚಿಕ್ಕ ಮಷಿನ್ ಶಾಪ್. ಪಂಪುಗಳಿಗೆ ಬೇಕಾದ ಶಾಫ್ಟು, ಬುಷ್‌ಗಳನ್ನು ಲೇತಿನಲ್ಲಿ ಮಾಡಿಕೊಡುತ್ತೇವೆ. ಹೊಸದಾಗಿ ಸೇರಿದ ಹುಡುಗರು ಟೆಂಪೋ ಗೇಟು ದಾಟಿದ ಕೂಡಲೇ "ಸರ್, ಸೇಲ್ ಆಯ್ತು" ಎನ್ನುತ್ತಾರೆ. ಹೋಗಿರುವುದು ಮಾಲು ಮಾತ್ರ, ಮಾರಾಟ ಇನ್ನೂ ಮುಗಿದಿಲ್ಲ ಎಂದು ಅವರಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ.

ಕೊಳ್ಳುವ ಕಂಪನಿಯ ಗೇಟಿನಲ್ಲಿ ಇನ್‌ವಾಯ್ಸ್‌ಗೆ ಸೀಲು ಬೀಳಬೇಕು. ಕ್ವಾಲಿಟಿಯವರು ಅಳತೆ ನೋಡಿ ಪಾಸ್ ಮಾಡಬೇಕು. ಸ್ಟೋರ್ಸ್‌ನವರು ಜಿಆರ್‌ಎನ್, ಅಂದರೆ ಮಾಲು ಸ್ವೀಕರಿಸಿದ ಚೀಟಿ, ಹಾಕಬೇಕು. ಬಿಲ್ಲು ಅಕೌಂಟ್ಸ್‌ಗೆ ಹೋಗುವುದು ಆಮೇಲೆ. ಖರೀದಿ ಆದೇಶದಲ್ಲಿರುವ (ಪಿಒ) ಡ್ರಾಯಿಂಗ್ ನಂಬರಿಗೂ ನಮ್ಮ ಬಿಲ್ಲಿಗೂ ಒಂದಂಕಿ ತಾಳೆಯಾಗದಿದ್ದರೂ ಅದು ಅಲ್ಲೇ ನಿಲ್ಲುತ್ತದೆ.

ಬಿಲ್ಲು ಪಾಸಾಗಿ ಹಣ ಬರುವವರೆಗೆ ನಮ್ಮ ಖರ್ಚು ಕಾಯುವುದಿಲ್ಲ. ಕಬ್ಬಿಣದಂಗಡಿಯ ಬಾಕಿ, ಹುಡುಗರ ಸಂಬಳ, ಕರೆಂಟ್ ಬಿಲ್ಲು ಎಲ್ಲಕ್ಕೂ ಹೊಂದಿಸಬೇಕು. ತಿಂಗಳ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಜಿಎಸ್‌ಟಿ ಕಟ್ಟಲೇಬೇಕು, ಪಾರ್ಟಿ ದುಡ್ಡು ಕೊಟ್ಟಿರಲಿ ಬಿಡಲಿ. ಪುಸ್ತಕದಲ್ಲಿ ಲಾಭವಿದ್ದ ಶೆಡ್ಡುಗಳಿಗೂ ಬೀಗ ಬೀಳುವುದು ಈ ಕಾರಣಕ್ಕೇ.

ಕಾನೂನು ನಮ್ಮ ಬೆನ್ನಿಗಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮಗಳಿಂದ ಕೊಂಡವರು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಮಾಲು ತಲುಪಿದ 15 ದಿನದಲ್ಲಿ ಬರಹದ ತಕರಾರು ಬಾರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ. ತಡಮಾಡಿದವರು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಗಡುವು ಮೀರಿದ ಬಾಕಿಯನ್ನು, ಪಾವತಿಸುವ ತನಕ, ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವನ್ನೂ 2023ರ ಹಣಕಾಸು ಕಾಯ್ದೆ ತಂದಿತು. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ.

ಆದರೂ ನಮ್ಮವರು ದೂರು ಕೊಡಲು ಹಿಂಜರಿಯುತ್ತಾರೆ. ಮುಂದಿನ ಆರ್ಡರ್ ಕೊಡಬೇಕಾದವರೂ ಆ ಕೊಳ್ಳುವವರೇ ಅಲ್ಲವೇ? ಆದ್ದರಿಂದ ಜಗಳಕ್ಕೆ ಎಡೆಯಾಗದಂತೆ ಮೊದಲೇ ಕಾಗದ ಗಟ್ಟಿಮಾಡಿಕೊಳ್ಳುವುದು ಲೇಸು. ಪಾವತಿಯ ಗಡುವನ್ನು ಪಿಒದಲ್ಲೇ ಬರೆಸಿಕೊಳ್ಳಿ. ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ಅಚ್ಚು ಹಾಕಿಸಿ. ಮಾಲು ಇಳಿದ ವಾರವೇ ಜಿಆರ್‌ಎನ್ ನಂಬರ್ ಕೇಳಿ ಪಡೆಯಿರಿ. ಗಡುವಿನ ದಿನ ಫೋನು ಮಾಡಲು ಸಂಕೋಚ ಬೇಡ, ನೀವು ಕೇಳುತ್ತಿರುವುದು ಸಾಲವಲ್ಲ.

ದೊಡ್ಡ ಕಂಪನಿಗಳ ಖರೀದಿ ವಿಭಾಗದವರಲ್ಲೂ ಒಂದು ವಿನಂತಿ: ಮಾಲಿಗೆ ಅವಸರಪಡಿಸುವಾಗಿನ ಕಾಳಜಿಯನ್ನು ಬಿಲ್ಲು ಪಾಸ್ ಮಾಡುವಾಗಲೂ ತೋರಿಸಿ. ನಮ್ಮ ಹುಡುಗರ ಸಂಬಳ ಬರುವುದು ಆ ಹಣದಿಂದಲೇ.